ಪರದೇಶದಲ್ಲಿ ಮಕ್ಕಳ ಓದು: ಶುಲ್ಕದ ಲೆಕ್ಕ, ಸಂಸಾರದ ಲೆಕ್ಕ

ಉದ್ಯೋಗಕ್ಕಾಗಿ ಪರದೇಶಕ್ಕೆ ಹೊರಡುವ ಗೃಹಸ್ಥನು ಮೊದಲು ವಿಚಾರಿಸುವುದು ಸಂಬಳವನ್ನು. ಆಮೇಲೆ ಮನೆಯ ಬಾಡಿಗೆಯನ್ನು. ಮಕ್ಕಳ ಶಾಲೆಯ ಮಾತು ಬರುವುದು ಬಹುಮಟ್ಟಿಗೆ ಕೊನೆಯಲ್ಲಿ. ಆದರೆ ಅಲ್ಲಿ ಒಂದು ವರ್ಷ ಕಳೆಯುವುದರೊಳಗೆ ಈ ಅನುಕ್ರಮವು ತಲೆಕೆಳಗಾಗುತ್ತದೆ. ಮನೆ ಚಿಕ್ಕದಾದರೆ ಹೇಗೋ ಹೊಂದಿಕೊಂಡು ಇರಬಹುದು; ಊಟ ಉಡುಪುಗಳಲ್ಲಿ ಕೈಹಿಡಿದು ನಡೆಯಬಹುದು. ಶಾಲೆಯ ಶುಲ್ಕವನ್ನು ತೆರಲು ಸಾಧ್ಯವಾಗದಿದ್ದಾಗ ಮಾತ್ರ ಉಳಿಯುವ ದಾರಿ ಒಂದೇ: ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ, ತಾನೊಬ್ಬನೇ ಹತ್ತು ಜನರೊಡನೆ ಒಂದು ಕೋಣೆಯನ್ನು ಹಂಚಿಕೊಂಡು ದುಡಿಯುವುದು. ಆದುದರಿಂದ ಪರದೇಶದಲ್ಲಿ ಅಗ್ಗದ ಶಾಲೆಯನ್ನು ಹುಡುಕುವ ಪ್ರಶ್ನೆಯು ಕೇವಲ ವಿದ್ಯಾಭ್ಯಾಸದ ಪ್ರಶ್ನೆಯಲ್ಲ. ಒಂದು ಸಂಸಾರವು ಒಂದೇ ಸೂರಿನ ಕೆಳಗೆ ಬಾಳಬಹುದೇ ಇಲ್ಲವೇ ಎಂಬುದನ್ನು ನಿರ್ಣಯಿಸುವ ಪ್ರಶ್ನೆ ಅದು.

ಈ ವಿಷಯವನ್ನು ಕೊಲ್ಲಿ ರಾಷ್ಟ್ರಗಳ ನಿದರ್ಶನದಿಂದ ನೋಡುವುದು ಉಚಿತ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳ ಕಡೆಯಲ್ಲಿ ಕೊಲ್ಲಿಯ ಸಂಬಂಧವಿಲ್ಲದ ಬೀದಿಯನ್ನು ಹುಡುಕುವುದೇ ಕಷ್ಟ. ಸಂಯುಕ್ತ ಅರಬ್ ಎಮಿರೇಟ್ಸ್ ಒಂದರಲ್ಲಿಯೇ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ದೊಡ್ಡ ಪಾಲು ಸಾಧಾರಣ ಸಂಬಳದವರದು: ಲೆಕ್ಕ ಬರೆಯುವವರು, ಅಂಗಡಿಯ ಸಹಾಯಕರು, ದಾದಿಯರು, ವಾಹನ ಚಾಲಕರು, ಯಂತ್ರಗಳ ರಿಪೇರಿ ಮಾಡುವವರು. ಪರದೇಶವಾಸವೆಂದರೆ ಐಶ್ವರ್ಯವೆಂಬ ನಮ್ಮ ಊರಿನ ಕಲ್ಪನೆಗೆ ಇವರ ಮನೆಯ ತಿಂಗಳ ಲೆಕ್ಕಪುಸ್ತಕವು ಒಪ್ಪುವುದಿಲ್ಲ.

ಪಶ್ಚಿಮದ ದೇಶಗಳಿಗೂ ಕೊಲ್ಲಿಗೂ ಇರುವ ಮೂಲಭೂತ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಅಮೆರಿಕೆಯಲ್ಲಿ ಮಗುವಿನ ತಂದೆತಾಯಿಗಳು ಯಾವ ದೇಶದವರೆಂದು ಸರಕಾರಿ ಶಾಲೆ ಕೇಳುವುದಿಲ್ಲ. ಟೆಕ್ಸಾಸ್ ರಾಜ್ಯಕ್ಕೆ ಸಂಬಂಧಿಸಿದ ಪ್ಲೈಲರ್ ಮೊಕದ್ದಮೆಯಲ್ಲಿ 1982ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಅನುಮತಿಯಿಲ್ಲದೆ ಬಂದು ನೆಲಸಿದವರ ಮಕ್ಕಳಿಗೂ ಉಚಿತ ಶಾಲೆಯನ್ನು ನಿರಾಕರಿಸಕೂಡದೆಂದು ತೀರ್ಪು ಕೊಟ್ಟಿತು. ಇಂಗ್ಲೆಂಡಿನಲ್ಲಿಯೂ ಸರಕಾರಿ ಶಾಲೆಗೆ ಶುಲ್ಕವಿಲ್ಲ. ಆದರೆ ಅಲ್ಲಿ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಶಾಲೆಗೆ ಸೇರುವ ವಯಸ್ಸಿಗೆ ಮುಂಚಿನ ಶಿಶುವಿಹಾರದ ವೆಚ್ಚ ಬಹಳ. ವೀಸಾದೊಡನೆ ತೆರಬೇಕಾದ ಆರೋಗ್ಯ ಸುಂಕವು 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು, ಮಕ್ಕಳಿಗೆ 776 ಪೌಂಡು. ಸ್ನಾತಕೋತ್ತರ ಪದವಿಗಾಗಿ ಹೋಗುವ ವಿದ್ಯಾರ್ಥಿಗಳಲ್ಲಿ ಸಂಶೋಧಕರೇ ಮೊದಲಾದ ಕೆಲವರನ್ನು ಬಿಟ್ಟು ಉಳಿದವರು ತಮ್ಮ ಸಂಸಾರವನ್ನು ಕರೆತರುವಂತಿಲ್ಲವೆಂಬ ನಿಯಮವು 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಶಾಲೆಯ ಬಾಗಿಲು ತೆರೆದಿದ್ದರೂ ದೇಶದ ಬಾಗಿಲು ಮುಚ್ಚಿದ್ದರೆ ಪ್ರಯೋಜನವೇನು?

ಕೊಲ್ಲಿಯಲ್ಲಿ ಇದಕ್ಕೆ ವಿಪರೀತ. ಸಂಬಳದ ಮೇಲೆ ತೆರಿಗೆ ಇಲ್ಲ. ಪರದೇಶೀಯರ ಮಕ್ಕಳಿಗೆ ಉಚಿತ ಶಾಲೆಯೂ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಸರಕಾರಿ ಶಾಲೆಗಳು ಮುಖ್ಯವಾಗಿ ಆಯಾ ದೇಶದ ಪ್ರಜೆಗಳಿಗಾಗಿ ಇರುವಂಥವು. ಅಲ್ಲಿ ಬೋಧನೆ ಬಹುಪಾಲು ಅರಬ್ಬಿ ಭಾಷೆಯಲ್ಲಿ. ಹೀಗಾಗಿ ದುಬೈಯಲ್ಲಿ ಓದುವ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಖಾಸಗಿ ಶಾಲೆಗಳಲ್ಲಿದ್ದಾರೆ. ಈ ಶಾಲೆಗಳ ಶುಲ್ಕದಲ್ಲಿರುವ ಅಂತರವು ಬೆರಗು ಹುಟ್ಟಿಸುವಂಥದು. ವರ್ಷಕ್ಕೆ ಐದಾರು ಸಾವಿರ ದಿರ್ಹಮ್ ತೆಗೆದುಕೊಳ್ಳುವ ಭಾರತೀಯ ಪಠ್ಯಕ್ರಮದ ಶಾಲೆಯೂ ಅಲ್ಲಿದೆ. ಒಂದು ಲಕ್ಷ ದಿರ್ಹಮನ್ನು ಮೀರುವ ಶಾಲೆಯೂ ಅಲ್ಲಿದೆ. ಒಂದು ದಿರ್ಹಮಿಗೆ 20 ರೂಪಾಯಿಗೂ ಮೇಲು ಎಂಬುದನ್ನು ನೆನೆದರೆ ಅಂತರದ ಅರ್ಥವಾಗುತ್ತದೆ.

ಒಂದು ಸರಳ ಲೆಕ್ಕವನ್ನು ಹಾಕಿ ನೋಡೋಣ. ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ಇರಲು ಮನೆ ಉಳ್ಳವನು ಯಾವ ಉದ್ಯೋಗದಲ್ಲಿದ್ದರೂ ತನ್ನ ಸಂಸಾರವನ್ನು ಕರೆಸಿಕೊಳ್ಳಬಹುದೆಂದು ಎಮಿರೇಟ್ಸ್ ಸರಕಾರವು 2019ರಲ್ಲಿ ನಿಯಮವನ್ನು ಸಡಿಲಿಸಿತು. ಅಂಥವನ ವರ್ಷದ ಸಂಬಳ 48,000 ದಿರ್ಹಮ್. ಇಬ್ಬರು ಮಕ್ಕಳನ್ನು ವರ್ಷಕ್ಕೆ 6,000 ದಿರ್ಹಮಿನ ಶಾಲೆಗೆ ಸೇರಿಸಿದರೆ 12,000 ಆಯಿತು. ಗಳಿಕೆಯ ಕಾಲು ಭಾಗ. ಇದು ಅತಿ ಕಡಿಮೆ ಶುಲ್ಕದ ಶಾಲೆಯ ಮಾತು. ಬಸ್ಸಿನ ಬಾಡಿಗೆ, ಪುಸ್ತಕ, ಸಮವಸ್ತ್ರಗಳು ಇದರಲ್ಲಿ ಸೇರಿಲ್ಲ. ಮನೆ ಬಾಡಿಗೆಯಂತೂ ಸೇರಿಯೇ ಇಲ್ಲ. ಕಾನೂನು ಸಂಸಾರವನ್ನು ಕರೆತರಲು ಅನುಮತಿಸುತ್ತದೆ. ಶುಲ್ಕದ ಪಟ್ಟಿಯು ಅದನ್ನು ಹಿಂದಕ್ಕೆ ಕಳುಹಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರೇನೋ ಹೇಳಿದರು. ಇಲ್ಲಿ ಹಾಸಿಗೆಯ ಅಳತೆಗೆ ಮಕ್ಕಳನ್ನೇ ತಂದೆಯಿಂದ ಅಗಲಿಸಬೇಕಾಗಿದೆ.

ಸೌದಿ ಅರೇಬಿಯದ ಅನುಭವ ಇನ್ನೂ ಸ್ಪಷ್ಟವಾದುದು. 2017ರ ಜುಲೈಯಲ್ಲಿ ಅಲ್ಲಿಯ ಸರಕಾರವು ಪರದೇಶೀಯ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲಿನಂತೆ ಸುಂಕವನ್ನು ವಿಧಿಸಿತು. ವರ್ಷಕ್ಕೆ 100ರಂತೆ ಏರಿ ಅದು 2020ರಲ್ಲಿ 400 ರಿಯಾಲನ್ನು ಮುಟ್ಟಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿರುವವನು ವರ್ಷಕ್ಕೆ 14,400 ರಿಯಾಲನ್ನು, ಶಾಲೆಯ ಶುಲ್ಕಕ್ಕೆ ಮೊದಲೇ, ಕೇವಲ ಅವರು ತನ್ನೊಡನೆ ಇರುವುದಕ್ಕಾಗಿ ತೆರಬೇಕಾಯಿತು. ಬಹಳ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿದರು. ವರ್ಷದ ನಡುವೆ ಬಂದ ಇಂಥ ಮಕ್ಕಳಿಗೆ ಪರಿಚಯವಿಲ್ಲದ ತರಗತಿ, ಬೇರೆ ಪಠ್ಯ, ಓದಲು ಬಾರದ ಕನ್ನಡ ಲಿಪಿ, ಇವೆಲ್ಲವೂ ಒಮ್ಮೆಗೇ ಎದುರಾಗುತ್ತವೆ.

ಈ ಕಷ್ಟವನ್ನು ಮೊದಲ ತಲೆಮಾರಿನ ವಲಸೆಗಾರರು ಅರಿಯದೆ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಪರಿಹಾರವು ಸ್ಮರಣೀಯವಾದುದು. ಬಹರೈನಿನ ಇಂಡಿಯನ್ ಸ್ಕೂಲ್ 1950ರಲ್ಲಿಯೂ, ಕುವೈತಿನ ಭಾರತೀಯ ಸಮುದಾಯದ ಶಾಲೆ 1959ರಲ್ಲಿಯೂ, ದುಬೈಯ ಇಂಡಿಯನ್ ಹೈಸ್ಕೂಲ್ 1961ರಲ್ಲಿಯೂ, ಜಿದ್ದಾದ ಭಾರತೀಯ ಶಾಲೆ 1969ರಲ್ಲಿಯೂ, ಮಸ್ಕತ್ತಿನ ಶಾಲೆ 1975ರಲ್ಲಿಯೂ ಹುಟ್ಟಿದವು. ಎಣ್ಣೆಯ ಬೆಲೆ ಒಮ್ಮೆಗೇ ಏರುವುದಕ್ಕೆ ಮುಂಚೆಯೇ ಇವುಗಳಲ್ಲಿ ಹೆಚ್ಚಿನವು ಆರಂಭವಾದುವೆಂಬುದನ್ನು ವಾಚಕರು ಗಮನಿಸಬೇಕು. ಇವು ಲಾಭಕ್ಕಾಗಿ ತೆರೆದ ಅಂಗಡಿಗಳಲ್ಲ. ಸಮುದಾಯದ ಆಶ್ರಯದಲ್ಲಿ ಬೆಳೆದ ಸಂಸ್ಥೆಗಳು. ಸೌದಿಯಲ್ಲಿ ನಮ್ಮ ರಾಯಭಾರ ಕಛೇರಿಯ ಮೇಲ್ವಿಚಾರಣೆಯಲ್ಲಿ, ಒಮಾನಿನಲ್ಲಿ ಒಂದು ನಿರ್ದೇಶಕ ಮಂಡಲಿಯ ಕೆಳಗೆ ಇಂಥ ಶಾಲೆಗಳು ಇಂದಿಗೂ ನಡೆಯುತ್ತಿವೆ.

ಇನ್ನೊಂದು ಮಾರ್ಗವೂ ಅದೇ ಕಾಲದಲ್ಲಿ ತೆರೆಯಿತು. ಕೇರಳದಿಂದ ಬಂದು ದುಬೈಯಲ್ಲಿ ನೆಲಸಿದ ವರ್ಕಿ ದಂಪತಿಗಳು 1968ರಲ್ಲಿ ಒಂದು ಚಿಕ್ಕ ಶಾಲೆಯನ್ನು ಆರಂಭಿಸಿದರು. ಅವರ ಮಗನ ಕೈಯಲ್ಲಿ ಅದು ಜೆಮ್ಸ್ ಎಂಬ, ಜಗತ್ತಿನ ಅತಿ ದೊಡ್ಡ ಖಾಸಗಿ ಶಾಲಾ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. ಕಡಿಮೆ ಶುಲ್ಕದ ಭಾರತೀಯ ಶಾಲೆಗಳಿಂದ ಹಿಡಿದು ಅತ್ಯಂತ ದುಬಾರಿ ಶಾಲೆಗಳವರೆಗೆ ಎಲ್ಲ ದರ್ಜೆಗಳೂ ಅದರಲ್ಲಿವೆ. ಶಾಲೆಯು ಒಂದು ಕಡೆ ಸಮುದಾಯದ ಸ್ವತ್ತಾಯಿತು. ಮತ್ತೊಂದು ಕಡೆ ಬಂಡವಾಳದ ಉದ್ಯಮವಾಯಿತು. ಇಂದಿನ ತಂದೆತಾಯಿಗಳು ಆರಿಸಿಕೊಳ್ಳಬೇಕಾಗಿರುವುದು ಈ ಎರಡರ ನಡುವೆ. ಅದೂ ಸ್ಥಳ ಸಿಕ್ಕಿದರೆ ಮಾತ್ರ. ಕಡಿಮೆ ಶುಲ್ಕದ ಒಳ್ಳೆಯ ಶಾಲೆಯಲ್ಲಿ ಸ್ಥಳ ಸಿಕ್ಕುವುದು ಸುಲಭವಲ್ಲ.

ಅಗ್ಗವೆಂಬುದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಶಾಲೆಯೊಂದರ ವೆಚ್ಚದಲ್ಲಿ ದೊಡ್ಡ ಭಾಗ ಉಪಾಧ್ಯಾಯರ ಸಂಬಳ. ಅದರ ನಂತರ ಕಟ್ಟಡ. ಶುಲ್ಕವನ್ನು ಇಳಿಸಬೇಕಾದರೆ ಇವೆರಡರಲ್ಲಿ ಕಡಿತವಾಗಬೇಕು. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಎರಡು ಪಾಳಿಗಳನ್ನು ನಡೆಸುವುದು ಒಂದು ಉಪಾಯ. ಒಮಾನಿನ ಕೆಲವು ಭಾರತೀಯ ಶಾಲೆಗಳು ಇದನ್ನು ಅನುಸರಿಸಿವೆ. ತರಗತಿಯಲ್ಲಿ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸುವುದು ಇನ್ನೊಂದು. ಗಂಡನ ವೀಸಾದ ಮೇಲೆ ಬಂದ ವಿದ್ಯಾವತಿಯರನ್ನು ಅಲ್ಪ ಸಂಬಳಕ್ಕೆ ನೇಮಿಸಿಕೊಳ್ಳುವುದು ಮೂರನೆಯದು. ನಾವು ಉಳಿಸಿದ ಹಣವನ್ನು ಯಾರೋ ಒಬ್ಬ ಉಪಾಧ್ಯಾಯಿನಿ ತನ್ನ ದುಡಿಮೆಯಿಂದ ತೆತ್ತಿರುತ್ತಾಳೆ. ಆಕೆಯ ಮಕ್ಕಳಿಗೂ ಶಾಲೆ ಬೇಕಲ್ಲವೆ?

ಸರಕಾರದ ಹತೋಟಿಯಿಂದ ಈ ತೊಡಕು ಬಿಡುವುದೆಂದು ಭಾವಿಸುವುದೂ ಸರಿಯಲ್ಲ. 2010ರ ಆಸುಪಾಸಿನ ವರ್ಷಗಳಲ್ಲಿ ಅಬುಧಾಬಿಯ ಅಧಿಕಾರಿಗಳು ವಾಸದ ಮನೆಗಳಲ್ಲಿ ನಡೆಯುತ್ತಿದ್ದ ಶಾಲೆಗಳನ್ನು ಒಂದೊಂದಾಗಿ ಮುಚ್ಚಿಸಿದರು. ಇಕ್ಕಟ್ಟಾದ ಕೋಣೆಗಳು ಮಕ್ಕಳ ಕ್ಷೇಮಕ್ಕೆ ತಕ್ಕುವಲ್ಲವೆಂಬ ಕಾರಣವು ನ್ಯಾಯವಾದುದೇ. ಆದರೆ ಬಡ ಸಂಸಾರಗಳ ಮಕ್ಕಳು ಓದುತ್ತಿದ್ದುದು ಅಂಥ ಶಾಲೆಗಳಲ್ಲಿಯೇ. ದುಬೈಯಲ್ಲಿ ಕೆ.ಎಚ್.ಡಿ.ಎ. ಎಂಬ ಪ್ರಾಧಿಕಾರವು 2008ರಿಂದ ಶಾಲೆಗಳ ತನಿಖೆ ನಡೆಸಿ ದರ್ಜೆಗಳನ್ನು ಗೊತ್ತುಮಾಡುತ್ತ ಬಂದಿತು. ಶುಲ್ಕದ ಏರಿಕೆಯನ್ನು ಆ ದರ್ಜೆಗೂ ವರ್ಷಾವಧಿಯ ವೆಚ್ಚಸೂಚಿಗೂ ಕಟ್ಟಿಹಾಕಿತು. ಈ ಸೂಚಿಯು 2024–25ಕ್ಕೆ ಶೇಕಡಾ 2.6, 2025–26ಕ್ಕೆ ಶೇಕಡಾ 2.35 ಎಂದು ನಿಗದಿಯಾಯಿತು. ಮನಸ್ಸಿಗೆ ಬಂದಂತೆ ಶುಲ್ಕ ಏರಿಸುವುದಕ್ಕೆ ಇದರಿಂದ ತಡೆಯುಂಟಾಯಿತೆಂಬುದು ನಿಜ. ಆದರೆ ಶಾಲೆಯು ಉತ್ತಮವಾದಂತೆ ಶುಲ್ಕವೂ ಹೆಚ್ಚು ಏರಬಹುದೆಂಬ ತತ್ತ್ವವು ಇದರಲ್ಲಿ ಅಡಗಿದೆ. ತನ್ನ ಮಗುವಿನ ಶಾಲೆ ಸುಧಾರಿಸಿತೆಂದು ಕೇಳಿ ತಂದೆಯು ಸಂತೋಷಪಡಬೇಕೋ ಚಿಂತಿಸಬೇಕೋ ತಿಳಿಯದಂಥ ಪರಿಸ್ಥಿತಿ ಇದು.

ಹಾಗಾದರೆ ಚಿಕ್ಕ ಮಕ್ಕಳೊಡನೆ ಹೊರಡುವವರು ಮಾಡಬೇಕಾದುದೇನು? ಕೆಲವು ಸಂಗತಿಗಳನ್ನು ವಿವೇಕದಿಂದ ಮೊದಲೇ ತಿಳಿದುಕೊಳ್ಳಬಹುದು. ಕೆಲಸದ ಕರಾರಿಗೆ ಸಹಿ ಹಾಕುವ ಮುನ್ನವೇ, ಮಕ್ಕಳ ಶಾಲೆಯ ಭತ್ಯೆ ಉಂಟೇ, ಎಷ್ಟು ಮಕ್ಕಳಿಗೆ, ಯಾವ ವಯಸ್ಸಿನಿಂದ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಶಿಶುವರ್ಗಕ್ಕೆ ಭತ್ಯೆ ಇಲ್ಲದಿರುವುದೂ ಉಂಟು. ದುಬೈಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲಿನಲ್ಲಿ ಮೊದಲಾಗುತ್ತದೆ, ಬ್ರಿಟಿಷ್ ಮತ್ತು ಅಮೆರಿಕನ್ ಪಠ್ಯಕ್ರಮದವುಗಳದು ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ. ಪ್ರಯಾಣದ ತಿಂಗಳನ್ನು ಅದಕ್ಕೆ ಹೊಂದಿಸದಿದ್ದರೆ ಮಗು ಮನೆಯಲ್ಲಿಯೇ ಕುಳಿತಿರಬೇಕಾಗಬಹುದು. ಮಗುವನ್ನು ಯಾವ ತರಗತಿಗೆ ಸೇರಿಸುವರೆಂಬುದನ್ನು ಅಲ್ಲಿ ಮುಖ್ಯವಾಗಿ ವಯಸ್ಸೇ ನಿರ್ಣಯಿಸುತ್ತದೆ. ಇಲ್ಲಿ ಅವಸರದಿಂದ ಮುಂದಕ್ಕೆ ತಳ್ಳಿದ ಮಗುವು ಅಲ್ಲಿ ಅದೇ ತರಗತಿಯಲ್ಲಿ ಮತ್ತೆ ಕೂರಬೇಕಾಗಬಹುದು.

ಇವೆಲ್ಲಕ್ಕಿಂತ ಮುಖ್ಯವಾದುದು ಮರಳುವ ದಾರಿ. ಕೊಲ್ಲಿಗೆ ಹೋದ ಸಾಧಾರಣ ಸಂಸಾರವು ಅಲ್ಲಿಯ ಪೌರತ್ವವನ್ನು ಪಡೆಯುವ ಸಂಭವವಿಲ್ಲ. ಎಂದಾದರೊಂದು ದಿನ ಹಿಂತಿರುಗಲೇಬೇಕು. ಸಿ.ಬಿ.ಎಸ್.ಇ. ಮಂಡಲಿಯು ಪರದೇಶಗಳಲ್ಲಿ 200ಕ್ಕೂ ಹೆಚ್ಚು ಶಾಲೆಗಳಿಗೆ ಮಾನ್ಯತೆ ಕೊಟ್ಟಿದೆ. ಕೆಲಸ ಹೋದರೂ ಮಗುವಿನ ಓದು ನಡುವೆ ಕಡಿಯದಂತೆ ಅದು ಒಂದು ಸೇತುವೆಯಾಗಿದೆ. ಆದರೆ ಆ ಸೇತುವೆಯ ಮೇಲೆ ಕನ್ನಡಕ್ಕೆ ಸ್ಥಳ ಕಡಿಮೆ. ದುಬೈಯ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ. ಇಂಗ್ಲಿಷ್ ಬೋಧನೆಯ ಮಾಧ್ಯಮ. ಉಳಿದ ಅವಕಾಶಕ್ಕೆ ಹಿಂದಿಯೇ ಮೊದಲಾದವು ಬರುತ್ತವೆ. ಕೇರಳ ಸರಕಾರವು ಹೊರನಾಡಿನ ಮಕ್ಕಳಿಗೆ ಮಲಯಾಳವನ್ನು ಕಲಿಸಲು 2009ರಲ್ಲಿಯೇ ಮಲಯಾಳಂ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ದುಬೈಯಲ್ಲಿ ಕನ್ನಡಿಗರು ವಾರದ ರಜೆಯ ಹೊತ್ತಿನಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಪಾಠಶಾಲೆಯನ್ನು ನಡೆಸುತ್ತಿದ್ದಾರೆ. ಸ್ವಂತ ದುಡಿಮೆಯ ನಂತರ ಉಳಿದ ವೇಳೆಯನ್ನು ಹೀಗೆ ಕೊಡುವವರು 1950ರ ದಶಕದ ಆ ಹಿರಿಯರ ದಾರಿಯನ್ನೇ ಹಿಡಿದಿದ್ದಾರೆ.

ಆದರೂ ಎಲ್ಲವನ್ನೂ ತಂದೆತಾಯಿಗಳ ಜಾಣ್ಮೆಗೂ ಸ್ವಯಂಸೇವಕರ ಔದಾರ್ಯಕ್ಕೂ ಬಿಡುವುದು ನ್ಯಾಯವಲ್ಲ. ಪ್ರಾಥಮಿಕ ಶಿಕ್ಷಣವು ಎಲ್ಲ ಮಕ್ಕಳಿಗೂ ಉಚಿತವಾಗಿರಬೇಕೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ; ಕೊಲ್ಲಿ ರಾಷ್ಟ್ರಗಳೂ ಭಾರತವೂ ಅದನ್ನು ಒಪ್ಪಿವೆ. ವಲಸೆ ಕಾರ್ಮಿಕರ ಮಕ್ಕಳಿಗೆ ಆಯಾ ದೇಶದ ಪ್ರಜೆಗಳ ಮಕ್ಕಳೊಡನೆ ಸಮಾನವಾದ ಶಿಕ್ಷಣಾವಕಾಶವಿರಬೇಕೆಂದು 1990ರ ಇನ್ನೊಂದು ಒಡಂಬಡಿಕೆ ವಿಧಿಸುತ್ತದೆ. ಅದನ್ನು ಕೊಲ್ಲಿಯ ಯಾವ ರಾಷ್ಟ್ರವೂ ಅಂಗೀಕರಿಸಿಲ್ಲ. ಲಕ್ಷೋಪಲಕ್ಷ ಜನರನ್ನು ಹೊರಕ್ಕೆ ಕಳುಹಿಸುವ ಭಾರತವೂ ಅಂಗೀಕರಿಸಿಲ್ಲ. ಅವರು ಕಳುಹಿಸುವ ಹಣವನ್ನು ದೇಶದ ಲೆಕ್ಕದಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುವ ನಾವು, ಅದರ ಒಂದು ಅಲ್ಪಾಂಶವನ್ನಾದರೂ ಸಮುದಾಯದ ಶಾಲೆಗಳಿಗೆ ಕಟ್ಟಡದ ರೂಪದಲ್ಲಿಯೋ, ಬಡ ಮಕ್ಕಳ ಶುಲ್ಕದ ರೂಪದಲ್ಲಿಯೋ ಹಿಂದಕ್ಕೆ ಕೊಡುವುದು ಅಸಾಧ್ಯವೇನಲ್ಲ.

ಅನ್ಯರನ್ನು ಆಕ್ಷೇಪಿಸುವ ಮೊದಲು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಕಟ್ಟಡಗಳನ್ನು ಕಟ್ಟಲು ರಾಯಚೂರು, ಕಲಬುರಗಿಗಳಿಂದಲೂ ಬಿಹಾರ, ಒಡಿಶಾಗಳಿಂದಲೂ ಬಂದವರ ಮಕ್ಕಳಿಗೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯನ್ನು ವಿಧಿಸಿದೆ. ಆದರೂ ಕಟ್ಟಡ ಮುಗಿದೊಡನೆ ತಂದೆತಾಯಿಗಳ ಜೊತೆಗೆ ಊರು ಬದಲಿಸುವ ಆ ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಹೇಗೆ ಮರೆಯಾಗುತ್ತದೆಂಬುದನ್ನು ಉಪಾಧ್ಯಾಯರಾದ ವಾಚಕರು ಬಲ್ಲರು. ದುಡಿಯಲು ಬಂದವನ ಕೈಗಳನ್ನು ಬರಮಾಡಿಕೊಂಡ ನಾಡು ಅವನ ಮಕ್ಕಳಿಗೂ ಒಂದು ಮಣೆಯನ್ನು ಹಾಕಬೇಕು. ದುಬೈಗೆ ಸಲ್ಲುವ ಈ ಮಾತು ಬೆಂಗಳೂರಿಗೂ ಸಲ್ಲುತ್ತದೆ.