ಗೆರೆ ಹೇಳುವುದೊಂದು, ಅಂಕಿ ಹೇಳುವುದೊಂದು

ಪುಣೆಯ ಕಾರ್ಖಾನೆಗಳಿಗೂ ಬೆಳಗಾವಿಯ ಉದ್ಯಮಬಾಗಕ್ಕೂ ಹಳೆಯ ನಂಟು. ಇಲ್ಲಿಂದ ಡ್ರಾಯಿಂಗ್ ಹೋಗುತ್ತದೆ, ಅಲ್ಲಿಂದ ತಯಾರಾದ ಬಿಡಿಭಾಗ ಬರುತ್ತದೆ. ಪಿಂಪ್ರಿ-ಚಿಂಚ್‌ವಾಡದಲ್ಲಿ ಕುಳಿತು ಇಂಥ ಡ್ರಾಯಿಂಗ್‌ಗಳನ್ನು ಪರೀಕ್ಷಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಭಾಗ ರಿಜೆಕ್ಟ್ ಆದಾಗ ಎಲ್ಲರ ಬೆರಳು ಮೊದಲು ತಿರುಗುವುದು ಮಷಿನ್ ಮುಂದೆ ನಿಂತವನ ಕಡೆಗೆ. ಡ್ರಾಯಿಂಗ್ ಮೇಲೆ ಯಾರಿಗೂ ಅನುಮಾನವಿಲ್ಲ. ಇರಬೇಕು ಎನ್ನುವುದು ನನ್ನ ವಾದ.

ಕ್ಯಾಡ್‌ನಲ್ಲಿ ಡೈಮೆನ್ಷನ್ ಎಂದರೆ ಬರೆದ ಅಂಕಿಯಲ್ಲ, ಅಳೆದ ಅಂಕಿ. ಎರಡು ಬಿಂದು ತೋರಿಸಿದರೆ ನಡುವಿನ ದೂರವನ್ನು ಪ್ರೋಗ್ರಾಮೇ ಲೆಕ್ಕಹಾಕುತ್ತದೆ. ಆದರೆ ಆಟೋಕ್ಯಾಡ್‌ನಲ್ಲಿ ಆ ಅಂಕಿಯನ್ನು ಅಳಿಸಿ ಬೇಕಾದ್ದನ್ನು ಟೈಪ್ ಮಾಡುವುದಕ್ಕೂ ಅವಕಾಶವಿದೆ. ಎಲ್ಲ ತಾಪತ್ರಯ ಅಲ್ಲಿಂದಲೇ ಶುರು. ಒಂದು ಪ್ಲೇಟಿನ ಉದ್ದ 118 ಮಿ.ಮೀ. ಇದೆ ಎನ್ನಿ. ಗ್ರಾಹಕರಿಗೆ 120 ಬೇಕಾಯಿತು. ಗೆರೆಯನ್ನು ಸರಿಸಿದರೆ ಪಕ್ಕದ ತೂತುಗಳನ್ನೂ ಸರಿಸಬೇಕು. ಅಷ್ಟು ಪುರುಸೊತ್ತಿಲ್ಲದೆ ಅಂಕಿಯನ್ನಷ್ಟೇ 120 ಮಾಡಿ ಕಳಿಸಿಬಿಡುತ್ತಾರೆ. ಅದೇ ಫೈಲು ಡಿಎಕ್ಸ್‌ಎಫ್ ಆಗಿ ಲೇಸರ್ ಕಟಿಂಗ್‌ಗೆ ಹೋಗುತ್ತದೆ. ಲೇಸರಿಗೆ ಅಂಕಿ ಓದಲು ಬಾರದು, ಗೆರೆ ಹಿಡಿದು ಹೋಗುತ್ತದೆ, 118ಕ್ಕೇ ಕತ್ತರಿಸುತ್ತದೆ. ಇನ್‌ಸ್ಪೆಕ್ಷನ್‌ನವರು ಪ್ರಿಂಟ್ ನೋಡಿ ವರ್ನಿಯರ್ ಹಿಡಿದರೆ 2 ಮಿ.ಮೀ. ಕಡಿಮೆ. ಡೆಬಿಟ್ ನೋಟ್ ಕತ್ತರಿಸಿದವರ ಹೆಸರಿಗೆ!

ಇದನ್ನು ಹಿಡಿಯುವುದು ಕಷ್ಟವೇನಲ್ಲ. ಡಿಎಕ್ಸ್‌ಎಫ್ ಫೈಲಿನಲ್ಲಿ ಪ್ರತಿ ಡೈಮೆನ್ಷನ್ನಿಗೂ 42ನೇ ಕೋಡ್‌ನಲ್ಲಿ ನಿಜವಾದ ಅಳತೆ, 1ನೇ ಕೋಡ್‌ನಲ್ಲಿ ಕೈಯಾರೆ ಟೈಪ್ ಮಾಡಿದ ಪಠ್ಯ ಇರುತ್ತದೆ. ಎರಡನ್ನೂ ತಾಳೆ ನೋಡಲು ನಾಲ್ಕಾರು ಸಾಲಿನ ಸ್ಕ್ರಿಪ್ಟ್ ಸಾಕು. ಪ್ರೋಗ್ರಾಮಿಂಗ್ ಬಾರದವರು ಪ್ರಾಪರ್ಟೀಸ್ ಪಟ್ಟಿಯಲ್ಲಿ 'ಟೆಕ್ಸ್ಟ್ ಓವರ್‌ರೈಡ್' ನೋಡಬಹುದು. ಆ ಖಾನೆ ಖಾಲಿ ಮಾಡಿದರೆ ಅಸಲಿ ಅಳತೆ ಹೊರಬರುತ್ತದೆ. ಬೇಕೆಂದೇ ಸ್ಕೇಲ್ ಬಿಟ್ಟು ಬರೆಯುವ ಸಂದರ್ಭಗಳೂ ಉಂಟು. ಅದಕ್ಕೆ ಅಂಕಿಯ ಕೆಳಗೆ ಗೆರೆ ಎಳೆಯುವ ಪದ್ಧತಿ ಕಾಗದದ ಕಾಲದಿಂದಲೂ ಇದೆ. ಆ ಒಂದು ಗೆರೆಗೂ ಈಗ ಬರ ಬಂದಿದೆ.

ಉಳಿದ ಕಾಯಿಲೆಗಳು ಲಕ್ಷಣದಿಂದಲೇ ಗೊತ್ತಾಗುತ್ತವೆ. ಎಲ್ಲ ಅಳತೆಯೂ 25.4 ಪಟ್ಟು ತಪ್ಪಿದ್ದರೆ ಇಂಚು-ಮಿಲಿಮೀಟರ್ ಗೊಂದಲ. ದೊಡ್ಡದು ಮಾಡಿ ಬರೆದ ಡೀಟೇಲ್‌ನಲ್ಲಿ ಮಾತ್ರ ಎಲ್ಲವೂ ದುಪ್ಪಟ್ಟಾಗಿದ್ದರೆ ಲೀನಿಯರ್ ಸ್ಕೇಲನ್ನು 0.5 ಮಾಡಬೇಕು, ಒಂದೊಂದೇ ಅಂಕಿ ತಿದ್ದುತ್ತ ಕೂತರೆ ಮತ್ತೆ ಹಳೆಯ ರೋಗವೇ. ಗೆರೆ ಸರಿದರೂ ಅಂಕಿ ಅಲ್ಲಾಡದಿದ್ದರೆ ನಂಟು ಕಡಿದಿದೆ ಎಂದರ್ಥ. ರೀಅಸೋಸಿಯೇಟ್ ಮಾಡಬಹುದು, ಆದರೆ ಎಕ್ಸ್‌ಪ್ಲೋಡ್ ಮಾಡಿದ್ದನ್ನು ಅಳಿಸಿ ಹೊಸದಾಗಿ ಹಾಕುವುದೇ ಲೇಸು. 12, 12, 12 ಸೇರಿ 37 ಎಂದು ಕಂಡರೆ ಪ್ರತಿಯೊಂದೂ 12.4 ಇರಬಹುದು, ಸೊನ್ನೆ ದಶಮಾಂಶಕ್ಕೆ ಇಟ್ಟ ಪ್ರಿಸಿಷನ್ ಅದನ್ನು ಮುಚ್ಚಿಟ್ಟಿರುತ್ತದೆ.

ವಿಟಿಯುನಲ್ಲಿ ಓದುವವರಿಗೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ ಪಾಠ ಮೊದಲ ವರ್ಷದಲ್ಲೇ ಸಿಗುತ್ತದೆ. ಅಲ್ಲಿ ಮಕ್ಕಳಿಗೆ ಬೇಕಂತಲೇ ಕೆಡಿಸಿದ ಒಂದು ಫೈಲು ಕೊಟ್ಟು ದೋಷ ಹುಡುಕಿಸುವ ಅಭ್ಯಾಸ ಇರಬೇಕು. ಹೊಸದಾಗಿ ಎಳೆಯುವವರಿಗಿಂತ ಬಂದದ್ದನ್ನು ಪರೀಕ್ಷಿಸುವವರೇ ಕೆಲಸದ ಜಾಗದಲ್ಲಿ ಹೆಚ್ಚು ಬೇಕಾಗುತ್ತಾರೆ.

ದೊಡ್ಡ ಕಂಪನಿಗಳ ಹೊಣೆ ಬೇರೆ. ಫೈಲು ಮತ್ತು ಪ್ರಿಂಟ್ ಎರಡನ್ನೂ ಕಳಿಸುವವರು, ಅವು ಹೊಂದದಿದ್ದರೆ ಯಾವುದು ಅಂತಿಮ ಎಂದು ಪರ್ಚೇಸ್ ಆರ್ಡರ್‌ನಲ್ಲೇ ಬರೆದುಕೊಡಬೇಕು. ಅಷ್ಟರವರೆಗೆ ನಮ್ಮ ಸಣ್ಣ ವರ್ಕ್‌ಶಾಪ್‌ಗಳ ಯಜಮಾನರು ಒಂದು ಕೆಲಸ ಮಾಡಲಿ. ಶೀಟ್ ಮೇಜಿನ ಮೇಲೇರುವ ಮುನ್ನ ಫೈಲಿನ ಒಟ್ಟು ಉದ್ದ, ಒಟ್ಟು ಅಗಲ ಅಳೆದು ಪ್ರಿಂಟ್ ಜೊತೆ ಹೋಲಿಸಿ, ತಾಳೆಯಾಗದಿದ್ದರೆ ಇಮೇಲ್‌ನಲ್ಲಿ ಕೇಳಲಿ. ಫೋನಿನಲ್ಲಿ ಬೇಡ. ಡೆಬಿಟ್ ನೋಟ್ ಬಂದ ದಿನ ಆ ಇಮೇಲ್ ಬೇಕಾಗುತ್ತದೆ.