ಬಟವಾಡೆಯ ಜೊತೆಗೆ ಆದಿತ್ಯವಾರವೂ ಹೋಯಿತು

ಆದಿತ್ಯವಾರದ ಆರಾಧನೆ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆಂಬ ದೂರು ನಮ್ಮಲ್ಲಿ ಬಹಳ ದಿನದಿಂದ ಇದೆ. ಹೋಗುವವರಲ್ಲಿ ಹೆಚ್ಚಿನವರು ಹೆಂಗಸರು. ಭಕ್ತಿ ಕಡಿಮೆಯಾಯಿತೆಂದು ಹಿರಿಯರು ಗದರುವುದುಂಟು. ನಾವೂ ಹಿಂದೊಮ್ಮೆ ಹಾಗೆಯೇ ಹೇಳಿದ್ದೆವು. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅವರು ಓಡುವುದು ಹತ್ತೂವರೆಯ ಜೀಪಿಗೆ. ಅದು ತಪ್ಪಿದರೆ ಮುಂದಿನ ಜೀಪು ಜನ ತುಂಬುವ ತನಕ ಹೊರಡುವುದಿಲ್ಲ. ಅಷ್ಟರಲ್ಲಿ ಪೇಟೆಯ ಎಟಿಎಮ್ಮಿನಲ್ಲಿ ಹಣ ಮುಗಿದಿರುತ್ತದೆ.

ಗೂಡಲೂರು, ಪಂದಲೂರು ಕಡೆಯ ಚಹಾ ತೋಟಗಳಲ್ಲಿ ನಮ್ಮ ವಾರ ಮೊದಲು ಹೀಗಿರಲಿಲ್ಲ. ತಿಂಗಳಿಗೊಂದು ಬಟವಾಡೆ, ನಡುವೆ ಒಂದು ಮುಂಗಡ. ಆಫೀಸಿನ ಜಗಲಿಯಲ್ಲಿ ಮೇಜು ಹಾಕಿ ರೈಟರು ಹೆಸರು ಕೂಗುತ್ತಿದ್ದರು. ಸಹಿಯೋ ಹೆಬ್ಬೆಟ್ಟೋ ಹಾಕಿ, ಎಣಿಸಿಕೊಂಡು, ಸೆರಗಿಗೆ ಕಟ್ಟಿಕೊಂಡು ಪಾಡಿಗೆ ನಡೆದರೆ ಕೆಲಸ ಮುಗಿಯಿತು. ಆದಿತ್ಯವಾರ ಸಂತೆ. ಗುಂಡ್ಲುಪೇಟೆ ಕಡೆಯಿಂದ ಬಂದ ರಾಗಿ, ಚಳಿಗಾಲದಲ್ಲಿ ಅವರೆಕಾಯಿ, ಒಣಮೀನು, ಎಲೆ ಅಡಿಕೆ, ಮಕ್ಕಳಿಗೆ ಒಂದಿಷ್ಟು ಪುರಿ. ಸಂತೆಯೆಂದರೆ ಸಾಮಾನಷ್ಟೇ ಅಲ್ಲ. ಊರ ಕಡೆಯ ಸಾವು, ಬಾಣಂತನ, ಹೆಣ್ಣು ಗಂಡಿನ ಮಾತು ಎಲ್ಲವೂ ಅಲ್ಲಿಯೇ ಸಿಗುತ್ತಿದ್ದವು. ಮಧ್ಯಾಹ್ನಕ್ಕೆ ಮನೆ. ಆಮೇಲೆ ಬಟ್ಟೆ ಒಗೆಯುವುದು, ತಲೆ ಬಾಚಿಕೊಳ್ಳುವುದು, ಸುಮ್ಮನೆ ಬಾಗಿಲಲ್ಲಿ ಕೂರುವುದು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ತೋಟಗಳಲ್ಲಿ ಕೂಲಿ ಕೊಡಲು ನೋಟಿಲ್ಲದಾಯಿತು. ಅವಸರದಲ್ಲಿ ನಮ್ಮವರ ಹೆಸರಿನಲ್ಲಿ ಬ್ಯಾಂಕ್ ಖಾತೆಗಳನ್ನು ತೆರೆದರು. ಅಲ್ಲಿಯ ತನಕ ಕೂಲಿಯನ್ನು ಬ್ಯಾಂಕಿಗೆ ಹಾಕಬೇಕಾದರೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿ ಹಾಗೆ ಹೇಳುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ಬಂದು, 2017ರಲ್ಲಿ ಅದೇ ಕಾನೂನಾಗಿ, ಒಪ್ಪಿಗೆ ಕೇಳುವ ಅಗತ್ಯವೂ ಉಳಿಯಲಿಲ್ಲ. ನೋಟುಗಳು ಮರಳಿ ಬಂದವು. ಆಫೀಸಿನ ಜಗಲಿಯ ಮೇಜು ಮಾತ್ರ ಮರಳಿ ಬರಲಿಲ್ಲ.

ಇಲ್ಲೊಂದು ವಿಷಯವನ್ನು ನಮ್ಮ ಓದುಗರು ಗಮನಿಸಬೇಕು. 1936ರ ಕೂಲಿ ಪಾವತಿ ಕಾಯಿದೆಯ 5ನೆಯ ಕಲಮಿನಲ್ಲಿ, ಕೂಲಿಯನ್ನು ಕೆಲಸದ ದಿನದಲ್ಲಿಯೇ ಕೊಡಬೇಕೆಂದು ಬರೆದಿತ್ತು. ಕೂಲಿ ಪಡೆಯುವುದಕ್ಕಾಗಿ ಕೂಲಿಯವನ ರಜೆ ಹಾಳಾಗಬಾರದೆಂಬ ಬುದ್ಧಿ ಬ್ರಿಟಿಷರ ಕಾಲದ ಕಾಯಿದೆಗೂ ಇತ್ತು! ಈಗ ಹಣ ಕೆಲಸದ ದಿನವೇ ಬರುತ್ತದೆ, ಆದರೆ ಬರುವುದು ಬ್ಯಾಂಕಿಗೆ. ಬ್ಯಾಂಕಿನಿಂದ ನಮ್ಮ ಕೈಗೆ ಬರುವ ದಾರಿ ನಮ್ಮ ಲೆಕ್ಕಕ್ಕೆ ಬಿತ್ತು.

ಆ ದಾರಿ ಎಷ್ಟು ಉದ್ದವೆಂದು ನಮ್ಮ ಸಹವಾಸದ ಒಬ್ಬ ಅಕ್ಕನನ್ನು ಕೇಳಿದೆವು. ಸೊಪ್ಪು ಕೀಳುವ ಕೆಲಸ, ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಗಂಡ ತಿರುಪ್ಪೂರಿನಲ್ಲಿದ್ದಾನೆ. ಕೂಲಿ ಬಿದ್ದಿತೆಂದು ಫೋನಿಗೆ ಸಂದೇಶ ಬಂದ ಮೊದಲ ಆದಿತ್ಯವಾರ ಪೇಟೆಗೆ ಹೋದಳು. ಒಂದು ಎಟಿಎಮ್ ಮುಚ್ಚಿತ್ತು. ಇನ್ನೊಂದರ ಮುಂದೆ ಸುತ್ತಲ ತೋಟಗಳ ಜನವೆಲ್ಲ ನಿಂತಿತ್ತು. ಅವಳ ಸರದಿ ಬರುವಾಗ 500ರ ನೋಟು ಮಾತ್ರ ಇತ್ತು. ಸಂತೆಯಲ್ಲಿ ಚಿಲ್ಲರೆಗಾಗಿ ಅಲೆದಳು. ಅದರ ಹಿಂದಿನ ತಿಂಗಳು ಯಂತ್ರ ಕಾರ್ಡನ್ನೇ ನುಂಗಿತ್ತು. ಅದಕ್ಕಾಗಿ ಎರಡು ದಿನ ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿದ್ದಳು, ಏಕೆಂದರೆ ಬ್ಯಾಂಕು ತೆರೆದಿರುವ ಹೊತ್ತೂ ನಾವು ತೋಟದಲ್ಲಿರುವ ಹೊತ್ತೂ ಒಂದೇ. ಎರಡು ದಿನದ ಕೂಲಿ ಹೋಯಿತು. ಸೊಪ್ಪು ಚೆನ್ನಾಗಿ ಬರುವ ಕಾಲವಾದ್ದರಿಂದ ಹೆಚ್ಚುವರಿ ಕಿಲೋ ಕಾಸೂ ಹೋಯಿತು. “ನನ್ನ ದುಡ್ಡು ತರೋಕೆ ನಾನೇ ದುಡ್ಡು ಕೊಡಬೇಕಲ್ಲಣ್ಣಾ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಪಡಿತರದ ಅಂಗಡಿಯದೂ ಇದೇ ಕಥೆ. ಅಕ್ಕಿ ಪುಕ್ಕಟೆ, 2011ರಿಂದ ತಮಿಳುನಾಡಿನಲ್ಲಿ ಹಾಗೆ ನಡೆದು ಬಂದಿದೆ, ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಈಗ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಸೊಪ್ಪಿನ ಕರೆ ಹಿಡಿದು, ಬಿರಿದು, ರೇಖೆ ಸವೆದುಹೋದ ಹೆಬ್ಬೆರಳನ್ನು ಆ ಯಂತ್ರ ಗುರುತಿಸುವುದಿಲ್ಲ. ಒರೆಸಿಕೊಂಡು ಬಾ, ಎಣ್ಣೆ ಹಚ್ಚಿಕೊಂಡು ಬಾ, ನಾಳೆ ಬಾ. ಬೆರಳ ಗುರುತು ಸಿಗಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದೆಂದು 2017ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವೇ ರಾಜ್ಯಗಳಿಗೆ ತಿಳಿಸಿತ್ತು. ಅಂಗಡಿಯಲ್ಲಿ ಇದನ್ನು ಧೈರ್ಯವಾಗಿ, ಜಗಳವಿಲ್ಲದೆ, ಹೇಳಿರಿ.

ಎಲ್ಲವೂ ಕೆಟ್ಟಿತೆಂದು ನಾವು ಹೇಳುವುದಿಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟಿಲ್ಲದ ಪ್ರಯಾಣ 2021ರಲ್ಲಿ ಬಯಲು ಸೀಮೆಗೆ ಬಂತು, 2024ರಲ್ಲಿ ನೀಲಗಿರಿಯ ಬೆಟ್ಟಕ್ಕೂ ಬಂತು. ಆದರೆ ಬಸ್ಸು ನಿಲ್ಲುವುದು ದೊಡ್ಡ ರಸ್ತೆಯಲ್ಲಿ. ಪಾಡಿಯಿಂದ ಅಲ್ಲಿಯವರೆಗೆ ಜೀಪು, ಇಲ್ಲವೇ ಕಾಲು. ಸಂಜೆಯಾದರೆ ಆನೆಯ ಭಯ. ಚೀಲ ಹೊತ್ತುಕೊಂಡು ಒಬ್ಬಂಟಿ ಹೆಂಗಸು ಹೇಗೆ ಬಂದಾಳು?

ಹಳೆಯ ಬಟವಾಡೆಯ ದಿನವೂ ಚೊಕ್ಕವಾಗಿತ್ತೇ? ಇಲ್ಲ. ಗೇಟಿನ ಹೊರಗೆ ಬಡ್ಡಿಯವನು, ಕಂತಿನ ಸೀರೆಯವನು, ಅಂಗಡಿಯವನು ಸಾಲಾಗಿ ಕೂತಿರುತ್ತಿದ್ದರು. ಅವರೆಲ್ಲರನ್ನು ದಾಟಿದ ಗಂಡಸು ಸಾರಾಯಿ ಅಂಗಡಿಯನ್ನು ದಾಟುತ್ತಿರಲಿಲ್ಲ. ಇಂದು ಹೆಂಡತಿಯ ಕೂಲಿ ಹೆಂಡತಿಯ ಹೆಸರಿನಲ್ಲಿ ಬೀಳುತ್ತದೆ, ಎಷ್ಟಿದೆಯೆಂಬುದು ಅವಳಿಗೆ ಮಾತ್ರ ಗೊತ್ತು. ಇದು ದೊಡ್ಡ ಮಾತು. ಎಷ್ಟೋ ಮನೆ ಇದರಿಂದ ಉಳಿದಿದೆ. ಆದ್ದರಿಂದ ಖಾತೆ ಬೇಡವೆಂದು ಕೂಗುವವರ ಜೊತೆ ನಾವಿಲ್ಲ. (ಬಡ್ಡಿಯವನೂ ಸುಮ್ಮನಿಲ್ಲ, ಈಗ ವಾರದ ಕಂತೆಂದು ಪುಸ್ತಕ ಹಿಡಿದು ಪಾಡಿಯ ಒಳಗೇ ಬರುತ್ತಾನೆ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.)

ನಮ್ಮ ಅಭಿಪ್ರಾಯ ಇಷ್ಟು. ಖಾತೆ ಇರಲಿ, ಹಣ ತೋಟಕ್ಕೆ ಬರಲಿ. ಬ್ಯಾಂಕಿನ ಪರವಾಗಿ ಊರಲ್ಲಿಯೇ ಹಣ ಕೊಡುವ ಪ್ರತಿನಿಧಿಗಳನ್ನು ನೇಮಿಸಲು ರಿಸರ್ವ್ ಬ್ಯಾಂಕು 2006ರಲ್ಲಿಯೇ ಅನುಮತಿ ಕೊಟ್ಟಿದೆ. ಅಂಚೆಯವರೂ 2018ರಿಂದ ಬ್ಯಾಂಕು ನಡೆಸುತ್ತಿದ್ದಾರೆ. ಕೂಲಿ ಬಿದ್ದ ವಾರ ಒಂದು ಸಂಜೆ, ಸೊಪ್ಪು ತೂಗುವ ಜಾಗದಲ್ಲಿ ಅಂಥವರೊಬ್ಬರು ಕೂರುವಂತೆ ತೋಟದ ಆಫೀಸು ಏರ್ಪಾಡು ಮಾಡಬಹುದು. ಬೆರಳ ಯಂತ್ರವಲ್ಲ, ಕಾರ್ಡು ತೆಗೆದುಕೊಳ್ಳುವ ಯಂತ್ರ. ಬೆರಳಿನ ಪಾಡನ್ನು ಆಗಲೇ ಹೇಳಿದ್ದೇವೆ. ಅದಾಗದಿದ್ದರೆ ಬ್ಯಾಂಕಿನ ಕೆಲಸಕ್ಕೆಂದು ತಿಂಗಳಿಗೆ ಅರ್ಧ ದಿನವನ್ನು ಕೂಲಿ ಸಹಿತ ಕೊಡಲಿ. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಜಾಗದಲ್ಲಿ ವೇತನ ಸಂಹಿತೆ ಬಂದಿದೆ. ಅದರಲ್ಲಿಯೂ ಚೆಕ್ಕು, ಬ್ಯಾಂಕುಗಳ ಜೊತೆಗೆ ನಾಣ್ಯ ಮತ್ತು ನೋಟಿನ ಹೆಸರು ಇದೆ. ಮುಂಗಡವನ್ನಾದರೂ ಕೈಗೆ ಕೊಡಿರೆಂದು ಕೇಳುವುದು ಅಪರಾಧವಲ್ಲ.

ಇನ್ನೊಂದು ಮಾತು ನಮ್ಮ ಗಂಡಸರಿಗೆ. ಆದಿತ್ಯವಾರ ಬೆಳಿಗ್ಗೆ ನೀವು ಪೇಟೆಗೆ ಹೋಗುವುದೇ ಇಲ್ಲವೆಂದೇನೂ ಅಲ್ಲ. ಬರುವಾಗ ಕೈ ಬೀಸಿಕೊಂಡು ಬರುತ್ತೀರಿ, ಹಿಂದಿನ ಜೀಪಿನಲ್ಲಿ ಹೆಂಡತಿ ಎರಡು ಚೀಲದೊಡನೆ ಬರುತ್ತಾಳೆ. ಪಡಿತರದ ಸರದಿಯಲ್ಲಿ ನಿಲ್ಲುವುದಕ್ಕೆ ಸೀರೆಯೇ ಬೇಕೆಂಬ ನಿಯಮ ಯಾವ ಕಾಯಿದೆಯಲ್ಲಿಯೂ ಇಲ್ಲ.

ಪಾಡಿಯಲ್ಲಿ ಈಗ ಅರ್ಧ ಬಾಗಿಲು ಮುಚ್ಚಿವೆ. ಮಕ್ಕಳು ಕೊಯಮತ್ತೂರು, ತಿರುಪ್ಪೂರು ಸೇರಿದ್ದಾರೆ. ತೆರೆದಿರುವ ಕೆಲವು ಬಾಗಿಲಲ್ಲಿ ಜಾರ್ಖಂಡ್, ಅಸ್ಸಾಮಿನ ಹೊಸ ಕುಟುಂಬಗಳಿವೆ. ಅವರಿಗೆ ಸಂತೆಯ ಭಾಷೆ ಬಾರದು, ಎಟಿಎಮ್ಮಿನ ಸಾಲಿನಲ್ಲಿ ಯಾರನ್ನು ಕೇಳಬೇಕೆಂದೂ ತಿಳಿಯದು. ಅವರ ಲೆಕ್ಕವನ್ನೂ ನಮ್ಮ ಲೆಕ್ಕದಲ್ಲಿ ಸೇರಿಸಬೇಕು.

ಲೆಕ್ಕವೆಂದೆವು. ಬರುವ ಎರಡು ತಿಂಗಳು ಪ್ರತಿ ಮನೆಯವರೂ ಬರೆದಿಡಿರಿ: ಹಣಕ್ಕಾಗಿ, ಪಡಿತರಕ್ಕಾಗಿ ಎಷ್ಟು ಸಲ ಹೋದಿರಿ, ಎಷ್ಟು ಸಲ ಬರಿಗೈಲಿ ಬಂದಿರಿ, ಜೀಪಿಗೆ ಎಷ್ಟು ಕೊಟ್ಟಿರಿ, ಎಷ್ಟು ಕೂಲಿ ಹೋಯಿತು. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ. ಚೀಟಿಯನ್ನು ಆರಾಧನೆಯ ನಂತರ ಬಾಗಿಲಲ್ಲಿರುವ ಪೆಟ್ಟಿಗೆಗೆ ಹಾಕಿರಿ. ಬೇಗ ಹೊರಡುವವರಿಗಾಗಿ ಪೆಟ್ಟಿಗೆಯನ್ನು ಹಿಂದಿನ ಸಾಲಿನ ಹತ್ತಿರವೇ ಇಟ್ಟಿದ್ದೇವೆ.