ಲೆಂಟ್‌ನಲ್ಲಿ ಬಾಡು ಬಿಟ್ಟವರನ್ನ ‘ಸಾತ್ವಿಕ’ ಅನ್ನಬೇಡಿ



ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ನಡೀತಿದೆ. ಬೂದಿ ಬುಧವಾರದಿಂದ ಶುರು, ಭಾನುವಾರಗಳನ್ನ ಬಿಟ್ಟು ಲೆಕ್ಕ ಹಾಕಿದ್ರೆ 40 ದಿನ. ನಮ್ಮ ಕೇರಿಗಳಿಂದ ಚರ್ಚ್‌ಗೆ ಹೋದ ಎಷ್ಟೋ ಮನೆಗಳಲ್ಲಿ ಈಗ ಬಾಡು ಬೇಯ್ತಿಲ್ಲ. ಕೆಲವರು ಶುಕ್ರವಾರ ಮಾತ್ರ ಬಿಡ್ತಾರೆ, ಕೆಲವರು ಅಷ್ಟೂ ದಿನ. ಟೀ ಬಿಟ್ಟವರಿದ್ದಾರೆ, ಎಲೆಅಡಿಕೆ ಬಿಟ್ಟವರೂ ಇದ್ದಾರೆ. ಅದು ಅವರವರ ನಂಬಿಕೆ. ನಾನು ಬುದ್ಧನ ದಾರಿಯವನು, ಅದರಲ್ಲಿ ತಲೆ ಹಾಕಲ್ಲ. ನನ್ನ ತಕರಾರು ಇರೋದು ಇದನ್ನ ದೂರದಿಂದ ನೋಡಿ ಖುಷಿಪಡೋರ ಜೊತೆ.

ನಮ್ಮ ಆಫೀಸಲ್ಲಿ ಊಟದ ಹೊತ್ತಿಗೆ ಎರಡು ಟೇಬಲ್. ಯಾರೂ ಬೋರ್ಡ್ ಹಾಕಿಲ್ಲ, ಆದ್ರೂ ಯಾವುದು ಯಾರದು ಅಂತ ಎಲ್ಲರಿಗೂ ಗೊತ್ತು. ನನ್ನ ಪಕ್ಕ ಕೂರೋ ಸಹೋದ್ಯೋಗಿ ಮಾದಿಗರ ಕೇರಿಯ ಕ್ರೈಸ್ತರು, ಮೊನ್ನೆ ಮುದ್ದೆ ಸೊಪ್ಪಿನ ಸಾರು ತಂದಿದ್ರು. ಆ ಕಡೆ ಟೇಬಲ್‌ನಿಂದ ಒಬ್ರು ಡಬ್ಬಿ ಇಣುಕಿ ನೋಡಿ, “ಓಹೋ, ನೀವೂ ಸಾತ್ವಿಕ ಆಗ್ಬಿಟ್ರಿ! ಈ ಕಡೆನೇ ಬಂದ್ಬಿಡಿ” ಅಂದ್ರು. ಪ್ರೀತಿಯಿಂದಾನೇ ಅಂದಿದ್ದು, ಸುಳ್ಳು ಯಾಕೆ ಹೇಳ್ಲಿ. ಇವರು ತಲೆ ಎತ್ತದೇನೆ, “ಸಾರ್, ನಂಗೆ ಬಾಡು ಅಂದ್ರೆ ಪ್ರಾಣ. ಅದಕ್ಕೇ ಬಿಟ್ಟಿರೋದು. ಈಸ್ಟರ್ ಆದ ಮಾರನೇ ದಿನ ಡಬ್ಬಿ ತುಂಬ ತರ್ತೀನಿ, ಅವತ್ತೂ ಕರೀತೀರಾ?” ಅಂದ್ರು. ಬಂದವರು ನಕ್ಕು ಹೋದ್ರು.

ಲೆಂಟ್‌ನಲ್ಲಿ ಮಾಂಸ ಬಿಡೋದು ಅದು ಕೀಳು ಅಂತ ಅಲ್ಲ, ಅದು ಹಬ್ಬದೂಟ ಅಂತ. ರುಚಿಯಾದದ್ದನ್ನ ಬಿಟ್ರೆ ತಾನೇ ತ್ಯಾಗ? ನಂಬಿಕೆ ಬರದಿದ್ರೆ ಹಳೇ ಕಾಲದ ನಿಯಮ ನೋಡಿ. ಆಗ ಯುರೋಪಿನಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆ ಎಲ್ಲಾ ನಿಷಿದ್ಧ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಕಟ್ಟುನಿಟ್ಟಾಗಿ 50 ದಿನದ ನೋಂಬು ಹಿಡಿಯೋರು ಇವತ್ತಿಗೂ ಮಾಂಸ, ಮೀನು, ಮೊಟ್ಟೆ ಜೊತೆಗೆ ಹಾಲನ್ನೂ ಬಿಡ್ತಾರೆ. ಬಾಡಿನ ಸಾಲಲ್ಲಿ ಹಾಲು ಬೆಣ್ಣೆ! ಇದನ್ನ ನಮ್ಮ ಸಾತ್ವಿಕರ ಮುಂದೆ ಹೇಳಿ ನೋಡಿ, ಮುಖ ಹೇಗಾಗತ್ತೆ ಅಂತ. ಇನ್ನು ಈಗಿನ ಕ್ಯಾಥೊಲಿಕ್ ನಿಯಮದಲ್ಲಿ ಮೀನಿಗೆ ಅಡ್ಡಿಯೇ ಇಲ್ಲ. ಮಾಂಸ ಬಿಟ್ಟ ಶುಕ್ರವಾರ ಮಂಗಳೂರಿನ ಮನೇಲಿ ಮೀನ್ ಸಾರು ಇದ್ರೆ ವ್ರತ ಕೆಡಲ್ಲ.

ಜಾತಿಯ ಲೆಕ್ಕವೇ ಬೇರೆ. ಅಲ್ಲಿ ತಟ್ಟೆ ನೋಡಿ ಮನುಷ್ಯನಿಗೆ ಬೆಲೆ ಕಟ್ಟೋದು. ಅಸ್ಪೃಶ್ಯತೆಯ ಬೇರನ್ನ ಹುಡುಕ್ತಾ ಹೋದ ಬಾಬಾಸಾಹೇಬರು 1948ರ ತಮ್ಮ ಪುಸ್ತಕದಲ್ಲಿ ದನದ ಮಾಂಸದ ಪ್ರಶ್ನೆಗೇ ಬಂದು ನಿಂತ್ರು. ಅದಾಗಿ ಇಷ್ಟು ವರ್ಷ ಆದ್ಮೇಲೆ, 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರಾನೂ ಒಂದೇ ಸಾಲಲ್ಲಿ ಸೇರಿಸಿ ನಿಷೇಧ ಅಂದ್ರು. ಬಾಡೂಟದ ನೆಲದಲ್ಲಿ! ಬೆಂಗಳೂರಲ್ಲಿ ಬುದ್ಧ ಪೂರ್ಣಿಮೆಗೆ ಮಾಂಸ ಮಾರಾಟ ಬಂದ್ ಮಾಡಿಸಿದ್ರು, ಬುದ್ಧನನ್ನ ನಂಬೋ ನಮ್ಮನ್ನ ಒಂದು ಮಾತು ಕೇಳಿದ್ರಾ? ಲೆಂಟ್ ಹಿಡಿದ ನನ್ನ ಸಹೋದ್ಯೋಗಿ ಮಾತ್ರ ದಿನಾ ನನ್ನ ಪಕ್ಕದಲ್ಲೇ ಕೂರ್ತಾರೆ, ನನ್ನ ಡಬ್ಬಿಯ ಕೈಮಾ ಉಂಡೆ ನೋಡಿ ಮೂಗು ಮುಚ್ಚಿಕೊಂಡಿಲ್ಲ.

ಬಿಡೋದು ನಮಗೂ ಹೊಸದೇನಲ್ಲ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ರು. ಊರವರು ಎಸೆದದ್ದನ್ನ ಹೊತ್ತು ತಂದು ತಿನ್ನೋ ಬದುಕು ಸಾಕು ಅನ್ನೋ ಸ್ವಾಭಿಮಾನ ಅದು. ಅದನ್ನೇ ತಿರುಚಿ ‘ಅಂಬೇಡ್ಕರರೂ ಮಾಂಸ ಬಿಡಿ ಅಂದಿದ್ರು’ ಅಂತ ವಾಟ್ಸಾಪಲ್ಲಿ ಹಂಚೋರಿದ್ದಾರೆ, ಹುಷಾರಾಗಿರಿ.

ಈಗ ನಮ್ಮ ಕ್ರೈಸ್ತ ಬಂಧುಗಳಿಗೆ ಎರಡು ಮಾತು, ಮುನಿಸ್ಕೋಬೇಡಿ. ಕೆಲವು ಮನೆಗಳಲ್ಲಿ ಲೆಂಟ್ ಬಂತು ಅಂದ್ರೆ ‘ಈಗ ನಾವು ಶುದ್ಧ’ ಅನ್ನೋ ಮಾತು ಕೇಳ್ತಿದೀನಿ. ಹಾಗಾದ್ರೆ ಉಳಿದ ದಿನ ಏನಾಗಿದ್ರಿ? ಯಾರು ನಮ್ಮನ್ನ ಅಶುದ್ಧ ಅಂದ್ರೋ ಅವರ ಪದವನ್ನೇ ದೇವರ ಮುಂದೆ ಒಯ್ಯೋದು ಬೇಡ. ಎರಡನೇದು, ಮಕ್ಕಳ ತಟ್ಟೆ. ಮಾಂಸ ಬಿಡೋ ನಿಯಮವನ್ನ ಕ್ಯಾಥೊಲಿಕ್ ಚರ್ಚೇ 14 ತುಂಬದ ಮಕ್ಕಳ ಮೇಲೆ ಹೇರಿಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲ ಮಠಾಧೀಶರು ಎಷ್ಟು ರಂಪ ಮಾಡಿದ್ರು ಅಂತ ಮರೆತಿಲ್ಲ ತಾನೆ? ಅಷ್ಟು ಜಗಳ ಆಡಿ ಉಳಿಸಿಕೊಂಡ ಮೊಟ್ಟೇನ ಭಕ್ತಿ ಹೆಸರಲ್ಲಿ ನಾವೇ ಮಕ್ಕಳ ಕೈಯಿಂದ ಕಿತ್ಕೊಳ್ಳೋದು ಬೇಡ. ತಿಂಗಳಿಗೊಮ್ಮೆ ಕೋಳಿ ಕಾಣೋ ಮನೆಯವರಿಗೆ ತ್ಯಾಗದ ಪಾಠ ಹೇಳೋ ಮುಂಚೆ ಉಪದೇಶಿಗಳೂ ಸ್ವಲ್ಪ ಯೋಚಿಸಲಿ.

ಉಪದೇಶಿಗಳ ಮಾತು ಬಂತಲ್ಲ, ಅವರಿಗೂ ಒಂದು ಪ್ರಶ್ನೆ. ದೇವರಿಗೆ ಇಷ್ಟವಾದ ಉಪವಾಸ ಅಂದ್ರೆ ದಬ್ಬಾಳಿಕೆಗೆ ಸಿಕ್ಕವರನ್ನ ಬಿಡಿಸೋದು, ಹಸಿದವರ ಜೊತೆ ಊಟ ಹಂಚಿಕೊಳ್ಳೋದು ಅನ್ನೋ ಅರ್ಥದ ಮಾತು ಯೆಶಾಯನ 58ನೇ ಅಧ್ಯಾಯದಲ್ಲಿದೆ. ಲೆಂಟ್‌ನಲ್ಲಿ ಅದನ್ನ ಓದ್ತೀರಿ. ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನ ಬೇರೆ ಮಾಡೋಕೆ ಗೋಡೆ ಕಟ್ಟಿದ್ದು ಅದೇ ಅಧ್ಯಾಯ ಓದೋ ಜನ. ನಮ್ಮ ಕಡೆಯ ಯಾವ ಚರ್ಚಲ್ಲಾದ್ರೂ ಈ ಸಲದ ಶುಕ್ರವಾರದ ಪ್ರಸಂಗದಲ್ಲಿ ಜಾತಿ ಅನ್ನೋ ಪದ ಬಂದಿದ್ರೆ, ಕೇಳಿಸಿಕೊಂಡವರು ತಿಳಿಸಿ.